ಮಧ್ಯಾಹ್ನದ ಡಂಗುರ

ಮಲಪ್ರಭೆ ಇಳಿದರೆ ಹೊಳೆಮಣ್ಣೂರಿನ ಹೊರಕೇರಿಯವರಿಗೆ ನಾಲ್ಕು ತಿಂಗಳು ಉಸುಕೇ ಹೊಲ. ಮೊಣಕಾಲಾಳ ಕುಣಿ ತೋಡಿ, ತಲೆಯ ಮೇಲೆ ಗೊಬ್ಬರ ಹೊತ್ತು ತಂದು ಸುರಿದು, ಸವತಿ, ಕಲ್ಲಂಗಡಿ ಊರುತ್ತಿದ್ದರು. ದಿನಾಲೂ ಕುಣಿಗೊಂದು ಕೊಡ ನೀರು. ಮೂರು ದಿನ ತಪ್ಪಿದರೆ ಬಳ್ಳಿ ಸುಟ್ಟು ಹೋಗುತ್ತಿತ್ತು.

ಆ ವರ್ಷ ದಂಡೆಯ ಹೊಲದ ಗುರುಸಂಗಪ್ಪ ಉಸುಕೂ ತನ್ನದೇ ಎಂದು ರೋಣದ ಕಚೇರಿಗೆ ಹೋದ. ಕುಂಪಣಿ ಸರಕಾರದ ಹುಕುಂ ಬಂತು. ವ್ಯಾಜ್ಯ ತೀರುವವರೆಗೆ ಯಾರೂ ಉಸುಕಿಗೆ ಇಳಿಯಕೂಡದು.

ಊರಲ್ಲಿ ಡಂಗುರ ಸಾರುವವನು ಉಡಚಪ್ಪ. ಅವನೂ ಅದೇ ಕೇರಿಯವನು. ಆ ಕೆಲಸಕ್ಕೆ ಗುರುಸಂಗಪ್ಪನ ಕಣದಿಂದ ವರ್ಷದ ಜೋಳ ಬರುತ್ತಿತ್ತು.

"ನಾಳೆ ಮಧ್ಯಾಹ್ನ ಹೊಡಿ. ಒಂದ ಸಲ ಸಾಕು," ಎಂದ ಗುರುಸಂಗಪ್ಪ. "ಆಮ್ಯಾಲೆ ಬಾಯಿ ಬಿಡಬ್ಯಾಡ. ಜೋಳ ಬೇಕಲ್ಲ ನಿನಗ?"

ಮರುದಿನ ಮಧ್ಯಾಹ್ನ ಇಡೀ ಕೇರಿ ಅದೇ ಗುರುಸಂಗಪ್ಪನ ಹೊಲದಲ್ಲಿ ಜೋಳ ಕೊಯ್ಯುತ್ತಿತ್ತು. ಉಡಚಪ್ಪನಿಗೆ ಅದು ಗೊತ್ತಿತ್ತು. ಖಾಲಿ ಕೇರಿಯ ನಡುವೆ ನಿಂತು ಹಲಗೆ ಹೊಡೆದು ಹುಕುಂ ಸಾರಿದ. ಕೋಳಿಗಳು ಓಡಿದವು. ಕಿವುಡಿ ಮುದುಕವ್ವ ಒಬ್ಬಳೇ ಹೊಸ್ತಿಲಲ್ಲಿ ಕೂತಿದ್ದಳು. ಹಲಗೆ ಕಂಡು, ಯಾರು ಸತ್ತರು ಎಂದು ಕೇಳಿದಳು. ಅವನು ಹಲಗೆ ಹೆಗಲಿಗೆ ಹಾಕಿಕೊಂಡು ನಡೆದ.

ಸಂಜೆ ಪಕ್ಕದ ಮನೆಯ ಸಣ್ಣವ್ವ ತನ್ನ ಬಳ್ಳಿಯ ಮೊದಲ ಸವತಿಕಾಯಿ ತಂದುಕೊಟ್ಟಳು. ಉಡಚಪ್ಪ ಉಪ್ಪು ಹಚ್ಚಿಕೊಂಡು ತಿಂದ. ಹುಕುಮಿನ ಮಾತು ಎತ್ತಲಿಲ್ಲ.

ಬೆಳಗ್ಗೆ ಕೊಡ ಹೊತ್ತು ಉಸುಕಿಗೆ ಇಳಿದ ಹನ್ನೊಂದು ಮಂದಿಯನ್ನು ಸಿಪಾಯಿಗಳು ಹಿಡಿದರು. ಸಣ್ಣವ್ವನೂ ಅವರಲ್ಲಿದ್ದಳು.

ರೋಣದ ಕಚೇರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. ಹುಕುಂ ನಮಗೆ ಗೊತ್ತಿರಲಿಲ್ಲ. ಶಿರಸ್ತೇದಾರ ಉಡಚಪ್ಪನನ್ನು ಕರೆದು ಪ್ರಮಾಣ ಮಾಡಿಸಿದ.

"ಕೇರ್ಯಾಗ ಡಂಗುರ ಸಾರಿದಿ?"

"ಸಾರೇನ್ರಿ."

ಎಷ್ಟು ಹೊತ್ತಿಗೆ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಸರಕಾರದ ಮಾತು ಮೀರಿದ ಅಪರಾಧಕ್ಕೆ ಹನ್ನೊಂದು ಮಂದಿಗೂ ಒಂದು ತಿಂಗಳು ಸೆರೆ, ಕಲ್ಲು ಒಡೆಯುವ ಕೆಲಸ.

"ಹಂಗಾದ್ರ ಉಸುಕು ಯಾರದಂತ ಆತ್ರಿ?" ಸಣ್ಣವ್ವ ಕೇಳಿದಳು.

ಅದರ ವಿಚಾರಣೆ ಮಳೆಗಾಲ ಮುಗಿದ ಮೇಲೆ ಎಂದ ಶಿರಸ್ತೇದಾರ. ಅಷ್ಟರಲ್ಲಿ ಉಸುಕಿನ ಮೇಲೆ ಎರಡಾಳು ನೀರು ಹರಿದು ಹೋಗಿರುತ್ತದೆ.

ಹೊರಗೆ ಕೈಗೆ ಹಗ್ಗ ಕಟ್ಟಿ ಸಾಲಾಗಿ ನಡೆಸಿದರು. ಉಡಚಪ್ಪನ ಎದುರು ಬಂದಾಗ ಸಣ್ಣವ್ವ ನಿಂತಳು.

"ಯಣ್ಣಾ, ಆ ಸವತಿಕಾಯಿ ಕಹಿ ಇತ್ತೇನ?"

ಹಗ್ಗ ಅವಳನ್ನು ಎಳೆದುಕೊಂಡು ಹೋಯಿತು.

ಮರುದಿನ ಗುರುಸಂಗಪ್ಪನ ಆಳು ಉಡಚಪ್ಪನ ಮನೆಗೆ ಜೋಳದ ಚೀಲ ಇಳಿಸಿ ಹೋದ. ಹೆಂಡತಿ ಮಾನವ್ವ ಅದನ್ನು ಮುಟ್ಟಲಿಲ್ಲ. ಒಲೆ ಹಚ್ಚಲೂ ಇಲ್ಲ. ಉಡಚಪ್ಪ ಅವಳ ಮುಖ ನೋಡಿದ. ಚೀಲ ಹೊತ್ತು ಗುರುಸಂಗಪ್ಪನ ಕಟ್ಟೆಯ ಮೇಲೆ ಒಗೆದು ಬಂದ. ಸಂಜೆ ಮಂದಿ ಮನೆ ಸೇರಿದ ಮೇಲೆ ಹಲಗೆ ಹಿಡಿದು ಕೇರಿಯ ನಡುವೆ ನಿಂತ. ತಾನು ಖಾಲಿ ಕೇರಿಗೆ ಸಾರಿದ್ದನ್ನು, ಗೊತ್ತಿದ್ದೇ ಸಾರಿದ್ದನ್ನು ಒಂದೂ ಬಿಡದೆ ಸಾರಿದ. ಒಬ್ಬ ಮುದುಕ ಉಗುಳಿ ಒಳಗೆ ಹೋದ.

ಬೆಳಗಾದಾಗ ಉಡಚಪ್ಪ ಉಸುಕಿನಲ್ಲಿದ್ದ. ಸಣ್ಣವ್ವನ ಬಳ್ಳಿಗಳು ಬಾಡಿ ಮಲಗಿದ್ದವು. ಕುಣಿಗೊಂದು ಕೊಡದಂತೆ ನೀರು ಹಾಕುತ್ತ ನಡೆದ. ಹಿಂದೆ ಸಪ್ಪಳವಾಯಿತು. ಮಾನವ್ವ ಕೊಡ ಹೊತ್ತು ದಂಡೆ ಇಳಿಯುತ್ತಿದ್ದಳು. ಅವಳ ಹಿಂದೆ ಆರೇಳು ಮಂದಿ.

ಸಿಪಾಯಿ ಓಡಿ ಬಂದು ಉಡಚಪ್ಪನ ರಟ್ಟೆ ಹಿಡಿದ.

"ನಿನಗೂ ಹುಕುಂ ಗೊತ್ತಿದ್ದಿಲ್ಲೇನ?"

"ಗೊತ್ತಿತ್ರಿ," ಎಂದ ಉಡಚಪ್ಪ. "ಅವತ್ತ ಅದನ್ನ ಕೇಳಿದಾಂವ ನಾನೊಬ್ಬನ."