ಟೇಕ್ ಪದ ಹಿಡಿದವನು

ಯಾರ್ಕಿನ ನಮ್ಮ ಇಂಗ್ಲಿಷ್ ನಿಘಂಟು ಕಚೇರಿಯ ಕಟ್ಟಳೆ ಒಂದೇ: ಪದ ಹಿಡಿದವನೇ ಮುಗಿಸಬೇಕು, ನಡುವೆ ಎದ್ದು ಹೋಗುವಂತಿಲ್ಲ. ಟೀ, ಟೈಗರ್ ಸಿಕ್ಕ ಪುಣ್ಯವಂತರು ವಾರದಲ್ಲಿ ಕೈತೊಳೆದುಕೊಂಡರು. ನನ್ನ ಹಣೆಗೆ ಬಿದ್ದದ್ದು ಟೇಕ್ ಎಂಬ ಕ್ರಿಯಾಪದ. ಮೂರು ವರ್ಷ, ಸ್ವಾಮೀ! ಔಷಧಿಗೂ ಟೇಕ್, ಊರು ಗೆಲ್ಲುವುದಕ್ಕೂ ಟೇಕ್, ರೈಲು ಹತ್ತುವುದಕ್ಕೂ ಟೇಕ್. ಅದೇನು ಇಂಗ್ಲಿಷಿನ ಮನೆಮಗಳೂ ಅಲ್ಲ. ಉತ್ತರದ ಕಡಲಿನವರ ಹಡಗಿನಲ್ಲಿ ಬಂದು, ತೆಗೆದುಕೊಳ್ಳುವುದಕ್ಕೆ ನಾವು ಹೇಳುತ್ತಿದ್ದ ಹಳೆಯ ನಿಮ್ ಎಂಬ ಇಂಗ್ಲಿಷ್ ಪದವನ್ನು ಹೊಸ್ತಿಲಾಚೆ ದಬ್ಬಿದ ಜಗಳಗಂಟಿ ಸೊಸೆ. ಮೊದಲು ಬರೀ ಮುಟ್ಟುವುದು ಅಂತ ಅರ್ಥವಂತೆ. ಆಮೇಲೆ ಹಿಡಿದದ್ದನ್ನು ಬಿಟ್ಟರೆ ತಾನೇ!

ನಾನು ಮದುವೆಯಾಗಬೇಕಿದ್ದ ಹೆಸ್ಟರ್ ಲಡ್ಲಮ್ ನನಗಾಗಿ ಕಾದದ್ದೂ ಅಷ್ಟೇ ವರ್ಷ. ವಿಟ್ಬಿ ಎಂಬ ಊರಿನಲ್ಲಿ ಅವಳಣ್ಣನ ಅಚ್ಚುಕೂಟದಲ್ಲಿ ನನಗೊಂದು ಕೆಲಸವಿತ್ತು, ಮೇಲೆ ಎರಡು ಕೋಣೆ. ಆದರೆ ಸೋಮವಾರ ನಾನು ಅಲ್ಲಿರದಿದ್ದರೆ ಬೇರೆಯವನಿಗೆ. ಶುಕ್ರವಾರ ಸಂಜೆ ಐದರ ರೈಲಿಗೆ ಇಬ್ಬರೂ ಹೊರಡುವುದೆಂದು ಮಾತಾಗಿತ್ತು.

ಶುಕ್ರವಾರ ಮಧ್ಯಾಹ್ನ, ಟೇಕ್ ಮುಗಿಯಿತೆಂದು ಅದರ ಬಳಕೆಗಳನ್ನು ವರ್ಷದ ಸಮೇತ ಬರೆದಿಟ್ಟ ಚೀಟಿಗಳನ್ನು ಕೊನೆಯ ಸಲ ತಿರುವುತ್ತಿದ್ದಾಗ ಎದೆ ಧಸಕ್ಕೆಂದಿತು. ಒಂದು ಹಳೆಯ ಚರಿತ್ರೆಯಿಂದ ಆರಿಸಿದ ಇನ್ನೂರು ಚೀಟಿಗಳ ಮೇಲೆ ನಾನು ಬರೆದದ್ದು ಪುಸ್ತಕ ಹುಟ್ಟಿದ ವರ್ಷವಲ್ಲ, ಯಾವನೋ ಸನ್ಯಾಸಿ ಅದನ್ನು ನಕಲು ಮಾಡಿದ ವರ್ಷ. ನಡುವೆ ನೂರೈವತ್ತು ವರ್ಷದ ಅಂತರ! ಅರ್ಥಗಳನ್ನು ನಾವು ಜೋಡಿಸುವುದು ವಯಸ್ಸಿನ ಕ್ರಮದಲ್ಲಿ; ನಾನು ಮೊಮ್ಮಕ್ಕಳೆಂದು ಹಿಂದೆ ಕೂರಿಸಿದ್ದ ಅರ್ಥಗಳು ಅಜ್ಜಿಯಂದಿರು. ಎಲ್ಲವನ್ನೂ ಬಿಡಿಸಿ ಮತ್ತೆ ಜೋಡಿಸಲು ವರ್ಷವೇ ಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು.

ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಸಂಪಾದಕ ಪೆನ್ರೈಸರ ಮೇಜಿನ ಮುಂದೆ ನಿಂತು ಒದರಿಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿದರು. "ಗಾರ್ಬಟ್, ಇದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ."

"ಬೇರೆ ಯಾರಿಗಾದ್ರೂ ಕೊಡಿ ಸಾರ್, ನಿಮ್ಮ ದಮ್ಮಯ್ಯ."

"ಯಾರಿಗಯ್ಯಾ ಕೊಡ್ಲಿ? ಅದೆಲ್ಲಾ ಇರೋದು ನಿನ್ನ ತಲೇಲಿ. ಸೋಮವಾರದಿಂದ ಶುರು ಮಾಡು."

ಯಾರ್ಕ್ ನಿಲ್ದಾಣಕ್ಕೆ ಓಡಿದೆ. ಹೆಸ್ಟರ್ ಎರಡು ಟಿಕೆಟ್ ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿ ಪೆಟ್ಟಿಗೆ ಇಲ್ಲದಿರುವುದನ್ನು ನೋಡಿದಳು. ಎಲ್ಲ ಹೇಳಿದೆ.

"ಮುಚ್ಚಿಟ್ಟು ಬಂದಿದ್ರೆ?" ಎಂದೆ. "ಮುಚ್ಚಿಟ್ಟು ಬರಬೇಕಿತ್ತಾ, ಹೇಳು!"

"ಮುಚ್ಚಿಟ್ಟು ಬಂದಿದ್ರೆ ಎಂದಾದ್ರೂ ಒಂದಿನ ನೀನೇ ನಂಗೆ ಹೇಳೇ ಹೇಳ್ತಿದ್ದೆ. ಅವತ್ತಿಂದ ನಿನ್ನ ಮೇಲೆ ನಂಗೆ ನಂಬಿಕೆ ಇರ್ತಿರ್ಲಿಲ್ಲ." ಅವಳು ಎರಡು ಟಿಕೆಟ್‌ಗಳನ್ನೂ ಬೇರೆ ಬೇರೆ ಮಾಡಿದಳು. "ನೀನು ಮಾಡಿದ್ದು ಸರಿ, ವಿಲ್ಫ್. ಆದ್ರೆ ನಂಗೆ ಮೂವತ್ನಾಲ್ಕಾಯ್ತು. ಇನ್ನು ಕಾಯಕ್ಕಾಗಲ್ಲ ಕಣೋ."

ನನ್ನ ಟಿಕೆಟನ್ನು ಟಿಕೆಟ್ ಕಿಟಕಿಯಲ್ಲಿ ಹಿಂದಕ್ಕೆ ಕೊಟ್ಟು, ಅವಳು ರೈಲು ಹತ್ತಿದಳು.

ಸೋಮವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ಶನಿವಾರ ಬೆಳಗ್ಗೆಯೇ ಕಚೇರಿಗೆ ಹೋಗಿ ಮೊದಲನೆಯ ಚೀಟಿ ತೆಗೆದೆ.