ಕುದುರೆ ದವಾಖಾನೆಯ ತೊಟ್ಟಿ

ಮೊದಲು ಓದುವವರ ಕ್ಷಮೆ ಕೇಳಬೇಕು. ನಾನು ಡಾಕ್ಟರನಲ್ಲ, ಕುದುರೆಯ ಕಾಯಿಲೆಯ ವಿಷಯ ಬರೆಯುವ ಹಕ್ಕು ನನಗಿಲ್ಲ. ಹಗಲು ಕೂಲಿ ಮಾಡಿ, ಸಂಜೆ ಕೊಟ್ಟೂರಿನ ರಾತ್ರಿ ಶಾಲೆಗೆ ಹೋಗಿ, ಮೂರನೇ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿದವನು. ಇದನ್ನು ಹೇಳಬೇಕಾಗಿದ್ದ ಡಾಕ್ಟರ್ ಯರ್ರಿಸ್ವಾಮಿಯವರು ಈಗಿಲ್ಲ. ಟಾಂಗಾದವರು ಹೇಳಿದರೆ ನನ್ನ ತಪ್ಪನ್ನು ಬಿಟ್ಟು ಹೇಳುತ್ತಾರೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಡಾಕ್ಟರು ಫೌಜಿನಲ್ಲಿ ಇಪ್ಪತ್ತು ವರ್ಷ ಕುದುರೆಗಳನ್ನು ನೋಡಿಕೊಂಡು, ಪಿಂಚಣಿ ತಗೊಂಡು ಬಂದು, ೧೯೭೩ರಲ್ಲಿ ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಒಂದು ತಗಡಿನ ಶೆಡ್ ಹಾಕಿದರು. ಮೊದಲ ವರ್ಷ ದಿನಕ್ಕೆ ಎರಡು ಕುದುರೆ ಬಂದರೆ ಹೆಚ್ಚು. ನಾಲ್ಕು ವರ್ಷ ಕಳೆಯುವುದರಲ್ಲಿ ಸೋಮವಾರ ಕೂಡ್ಲಿಗಿ, ಬುಧವಾರ ಹಗರಿಬೊಮ್ಮನಹಳ್ಳಿ, ಗುರುವಾರ ಹಡಗಲಿ, ಶನಿವಾರ ಹರಪನಹಳ್ಳಿ ಎಂದು ಡಾಕ್ಟರ ಓಡಾಟ ನಿಗದಿಯಾಯಿತು. ಮಂಗಳವಾರ, ಶುಕ್ರವಾರ ಕೊಟ್ಟೂರಿನಲ್ಲೇ. ಟಾಂಗಾದ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಕುರಿಗಾರರ ಸಾಮಾನು ಹೊರುವ ಗಿಡ್ಡ ತಳಿಯ ತಟ್ಟು, ಎಲ್ಲ ಬರುತ್ತಿದ್ದವು. ನಾನು ಕಸ ಹೊಡೆಯಲು ಸೇರಿದವನು. ಆರು ತಿಂಗಳಿಗೆ ಡಾಕ್ಟರು ರಿಜಿಸ್ಟರು ನನ್ನ ಕೈಗೆ ಕೊಟ್ಟರು. ಟಾಂಗಾದವರು ನನ್ನನ್ನು ಅರ್ಧ ತಮಾಷೆಗೆ ‘ಮೇನೇಜರ್’ ಎನ್ನತೊಡಗಿದರು. ಉಳಿದ ಅರ್ಧವನ್ನು ನಾನು ನಿಜವೆಂದೇ ನಂಬಿದೆ.

ಕುದುರೆಗಳ ಸಾಲು ಕೆಡದಂತೆ ತಗಡಿನ ಬಿಲ್ಲೆಗಳಿಗೆ ನಂಬರು ಹೊಡೆಸಿ ಕೊರಳಿಗೆ ಕಟ್ಟುವ ಪದ್ಧತಿ ತಂದವನು ನಾನು. ಬಿಸಿಲಿಗೆ ಚಪ್ಪರ ಹಾಕಿಸಿದೆ. ಆಮೇಲೆ ತೊಟ್ಟಿ ಕಟ್ಟಿಸಿದೆ.

ಅದಕ್ಕಿಂತ ಮುಂಚೆ ಪ್ರತಿಯೊಬ್ಬರೂ ತಮ್ಮ ಬಕೀಟು ತರುತ್ತಿದ್ದರು. ಶೆಡ್ಡಿನ ಪಕ್ಕದ ಬಾವಿಗೆ ನಮ್ಮ ಓಣಿಯವರು ಹಗ್ಗ ಇಳಿಸುವಂತಿರಲಿಲ್ಲ. ನಮ್ಮ ಓಣಿಯ ದುರುಗಪ್ಪ ತನ್ನ ಟಾಂಗಾ ಕುದುರೆ ತಂದರೆ, ಬೇರೆ ಯಾರಾದರೂ ಸೇದಿ ಅವನ ಬಕೀಟಿಗೆ ಮೇಲಿಂದ ಸುರಿಯುವ ತನಕ ಕಾಯಬೇಕು. ಅವನ ಕುದುರೆಯೂ ಕಾಯಬೇಕು. ಡಾಕ್ಟರು ಬಾವಿಗೆ ಕೈಪಂಪು ಹಾಕಿಸಿದ ವರ್ಷ, ನಾನು ಹನ್ನೆರಡು ಅಡಿ ಉದ್ದದ ಒಂದೇ ತೊಟ್ಟಿ ಕಟ್ಟಿಸಿದೆ. ನಡುವೆ ಒಂದು ಅಡ್ಡಗೋಡೆಯೂ ಇಲ್ಲ. ದಿನಾ ಬೆಳಿಗ್ಗೆ ನಾನೇ ತುಂಬಿಸುತ್ತಿದ್ದೆ. ಕುದುರೆಗೆ ತಾನೇ ಎಂದು ಯಾರೂ ತಕರಾರು ಮಾಡಲಿಲ್ಲ. ಮೊದಲ ದಿನ ದುರುಗಪ್ಪನ ಕುದುರೆಯೂ ಗುರುಸಂಗಪ್ಪ ಸಾವ್ಕಾರರ ಮದುವೆ ಕುದುರೆಯೂ ಮೂತಿಗೆ ಮೂತಿ ತಾಗಿಸಿ ಕುಡಿದವು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ನಿಂತು ನೋಡಿದೆ.

ಡಾಕ್ಟರು ಮಾತ್ರ ಒಂದು ಮಾತು ಹೇಳಿದ್ದರು. “ಫೌಜಿನ್ಯಾಗ ಕುದುರಿಗೊಂದು ಬಕೀಟು, ಪಕ್ಕೀರಪ್ಪ.”

“ಇಲ್ಲಿ ಅದು ಬ್ಯಾಡ್ರಿ ಸಾರ್” ಎಂದೆ.

ಅವರು ನನ್ನನ್ನೂ ತೊಟ್ಟಿಯನ್ನೂ ನೋಡಿ ಸುಮ್ಮನಾದರು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡೆ.

೧೯೭೮, ಶಿವರಾತ್ರಿ ಕಳೆದ ಎರಡನೇ ಮಂಗಳವಾರ. ಗುಡೇಕೋಟೆ ಕಡೆಯ ಕುರಿಗಾರರ ಜಂಬಕ್ಕ ಎಂಬುವವರು ಒಂದು ಕಂದು ತಟ್ಟುವನ್ನು ಹೊಡೆದುಕೊಂಡು ಬಂದರು. ಗಂಡ ಕುರಿ ಮುಂದೆ ಹೊಡೆದುಕೊಂಡು ಹೋಗಿದ್ದ. ಹಟ್ಟಿಯ ಗಡಿಗೆ, ಕಂಬಳಿ, ನಡೆಯಲಾರದ ಮರಿಗಳನ್ನೆಲ್ಲ ಹೊರುವುದು ಈ ತಟ್ಟುವೇ. ನಾನು ಹೆಸರು, ಊರು, ಬಣ್ಣ, ಹಲ್ಲು ಎಲ್ಲ ಬರೆದುಕೊಂಡು ಹದಿನೇಳನೇ ನಂಬರು ಕಟ್ಟಿ, ತೊಟ್ಟಿಯ ಬಳಿ ಸಾಲಿನಲ್ಲಿ ನಿಲ್ಲಿಸಿದೆ.

ಟಾಂಗಾ ಸ್ಟ್ಯಾಂಡಿನ ಹಿರಿಯ ದಾದಾಪೀರ್ ಅದನ್ನು ನೋಡಿ, “ಏ ಮೇನೇಜರ್ರೇ, ಅದರ ಮೂಗು ಸುರಿಯಾಕ ಹತ್ತೈತಿ. ಬಿಲ್ಲಿ ಜತಿಗೆ ಒಂದು ಕರ್ಚೀಪೂ ಕೊಡ್ರಿ” ಎಂದ.

“ಮೂಗು ಸುರಿದ್ರೂ ಹದಿನೇಳು ಅಂದ್ರ ಹದಿನೇಳ” ಎಂದೆ. ಯಾರಿಗೂ ಸರದಿ ತಪ್ಪಿಸುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು.

ಮೂರು ಗಂಟೆಗೆ ಅದರ ಸರದಿ ಬಂತು. ಡಾಕ್ಟರು ದವಡೆಯ ಕೆಳಗೆ ಕೈ ಹಾಕಿ ಗಡ್ಡೆ ಮುಟ್ಟಿದರು. ಮೂಗಿನ ಹೊಳ್ಳೆ ಅಗಲಿಸಿ ಟಾರ್ಚು ಬಿಟ್ಟರು. ಆಮೇಲೆ ಹಿಂದೆ ಸರಿದು, ಮೊಣಕೈ ತನಕ ಸಾಬೂನು ಹಚ್ಚಿ ತೊಳೆದುಕೊಂಡರು. ಒಂದೇ ಸಲವಲ್ಲ, ಎರಡು ಸಲ.

“ಇದು ಎಲ್ಲಿ ನಿಂತಿತ್ತು?”

“ತೊಟ್ಟಿ ಹತ್ರ ಸಾರ್.”

“ಎಷ್ಟೊತ್ತಿನಿಂದ?”

“ಬೆಳಿಗ್ಗಿಂದ.”

ಅವರು ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು ನನಗೆ ತಿಳಿಯುವ ಹಾಗೆ ಹೇಳಿದರು. ಇದು ಎರಡರಲ್ಲಿ ಒಂದು. ಒಂದು, ಗಂಟಲ ಗಡ್ಡೆ. ಅದು ಹಣ್ಣಾಗಿ ಒಡೆಯುತ್ತದೆ, ವಾಸಿಯಾಗುತ್ತದೆ. ಇನ್ನೊಂದು, ಗ್ಲಾಂಡರ್ಸ್. ಅದರ ಗಡ್ಡೆ ಕಲ್ಲಿನಂತಿರುತ್ತದೆ, ಮೂಗಿನೊಳಗೆ ಹುಣ್ಣಾಗುತ್ತದೆ. ಅದಕ್ಕೆ ಮದ್ದಿಲ್ಲ, ಮನುಷ್ಯರಿಗೂ ಅಂಟುತ್ತದೆ. ಅದು ಹತ್ತಿದ ಕುದುರೆಗಳನ್ನೆಲ್ಲ ಗುಂಡು ಹೊಡೆದು ಹೂಳಬೇಕು, ಕಾನೂನು ಹಾಗಿದೆ. ಈ ತಟ್ಟುವಿನ ಗಡ್ಡೆ ಗಟ್ಟಿಯಿದೆ, ಹೊಳ್ಳೆಯೊಳಗೆ ಹುಣ್ಣೂ ಇದೆ. ಬೆಂಗಳೂರಿನಿಂದ ಔಷಧಿ ತರಿಸಿ ಕಣ್ಣಿನ ಕೆಳಗಿನ ರೆಪ್ಪೆಗೆ ಚುಚ್ಚಬೇಕು. ಎರಡು ದಿನಕ್ಕೆ ರೆಪ್ಪೆ ಬಾತು ಕಣ್ಣು ಕೀವು ಸುರಿಸಿದರೆ ರೋಗ ಇದೆ ಎಂದರ್ಥ.

“ಇವತ್ತು ಆ ನೀರು ಕುಡಿದವು ಎಷ್ಟು?” ಎಂದರು.

ರಿಜಿಸ್ಟರು ತೆಗೆದೆ. ಆ ತಟ್ಟು ಬಿಟ್ಟು ಹತ್ತೊಂಬತ್ತು. ಒಂದೊಂದರ ಹೆಸರು, ಬಣ್ಣ, ಮಾಲೀಕರು ಎಲ್ಲ ನನ್ನ ಅಕ್ಷರದಲ್ಲಿ ನೆಟ್ಟಗೆ ಬರೆದಿತ್ತು. ಒಂದೊಂದಾಗಿ ಓದಿ ಹೇಳಿದೆ.

ತಟ್ಟುವನ್ನು ಶೆಡ್ಡಿನ ಹಿಂದೆ ಹುಣಸೆಮರಕ್ಕೆ ದೂರ ಕಟ್ಟಿದೆವು. ತೊಟ್ಟಿ ಖಾಲಿ ಮಾಡಿ, ಸುಣ್ಣ ಹಾಕಿ ತಿಕ್ಕಿದೆ. ಆಮೇಲೆ ಟಾಂಗಾ ಸ್ಟ್ಯಾಂಡಿಗೆ ಹೋದೆ. ಡಾಕ್ಟರು ತಾವೇ ಹೇಳುತ್ತೇನೆಂದರು. ನಾನು ಬೇಡವೆಂದೆ.

ಹೊಸಪೇಟೆ ರೈಲು ಬರುವ ಹೊತ್ತು. ಸಾವ್ಕಾರರೂ ಅಲ್ಲೇ ಚಹದಂಗಡಿಯ ಮುಂದೆ ನಿಂತಿದ್ದರು. ವಿಷಯವೆಲ್ಲ ಹೇಳಿ, “ಆರು ದಿನ ಯಾರೂ ಟಾಂಗಾ ಹೂಡಬ್ಯಾಡ್ರಿ. ತೊಟ್ಟಿ ಕಟ್ಟಿಸಿದಾವ ನಾನು. ಡಾಕ್ಟರು ಬಕೀಟು ಬೇರೆ ಇರಲಿ ಅಂದಿದ್ರು. ಕೇಳಲಿಲ್ಲ” ಎಂದೆ.

ಸಾವ್ಕಾರರು ಚಹದ ಲೋಟ ಕೆಳಗಿಟ್ಟರು.

“ಅದಕ್ಕ ನಾನು ಮೊದಲ ಹೇಳಿದ್ದೆ” ಎಂದರು ಸಾವ್ಕಾರರು. “ಎಲ್ಲಾವೂ ಒಂದ ಕಡಿ ಬಾಯಿ ಹಾಕಬಾರದಂತ.”

ಅವರು ಹಾಗೆ ಹೇಳಿದ್ದು ನನಗೆ ನೆನಪಿಲ್ಲ.

“ಕುದುರಿಗೆ ಅದು ತಿಳಿಯಂಗಿಲ್ಲಲ್ರಿ ಸಾವ್ಕಾರ್ರೆ” ಎಂದ ದುರುಗಪ್ಪ, ತನ್ನ ಕುದುರೆಯ ಕೊರಳುಪಟ್ಟಿ ಬಿಚ್ಚುತ್ತಾ.

ದಾದಾಪೀರ್ ನನ್ನ ಹತ್ತಿರ ಬಂದ. “ರೋಗ ಬಂದೈತೋ ಇಲ್ಲೋ?”

“ಗೊತ್ತಿಲ್ರಿ.”

“ಗೊತ್ತಿಲ್ಲಂದಮ್ಯಾಲ ಈಗಿಂದೀಗ ಯಾಕ ಸಾಯ್ತಿ? ಬಂದಮ್ಯಾಲ ನಾನ ಕೊಲ್ತೀನಿ, ತಡಿ.” ಅವನು ನಗುತ್ತಿರಲಿಲ್ಲ. ಆದರೆ ಮೊದಲು ಟಾಂಗಾ ಬಿಚ್ಚಿದವನು ಅವನೇ. ಆ ದಿನ ರೈಲಿನಿಂದ ಇಳಿದವರು ಗಂಟು ಹೊತ್ತು ನಡೆದುಕೊಂಡು ಹೋದರು.

ಡಾಕ್ಟರು ಹತ್ತೊಂಬತ್ತನ್ನೂ ಶೆಡ್ಡಿನ ಬಯಲಲ್ಲಿ ದೂರ ದೂರ ಕಟ್ಟಿಸಿದರು. ಡಾಕ್ಟರು ಮತ್ತು ನನ್ನನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ನಾನು ಓಣಿ ಓಣಿ ತಿರುಗಿ ಬಕೀಟು, ಎಣ್ಣೆ ಡಬ್ಬಿ ತಂದು ನಂಬರು ಬರೆದೆ. ಆ ವಾರ ಹತ್ತೊಂಬತ್ತಕ್ಕೂ, ಅದರಲ್ಲಿ ಸಾವ್ಕಾರರ ಬಿಳಿ ಕುದುರೆಗೂ, ಡಬ್ಬಿಗೆ ಡಬ್ಬಿ ತಾಗದಂತೆ ಮೇಲಿಂದ ನೀರು ಸುರಿದವನು ನಾನು. ನಾನೇ ಒಡೆಯಲು ಹೊರಟಿದ್ದನ್ನು ನನ್ನ ಕೈಯಿಂದಲೇ ಮತ್ತೆ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಸುರಿಯದಿದ್ದರೆ ಕುದುರೆಗಳು ಸಾಯುತ್ತವೆ, ಸುರಿದೆ.

ಜಂಬಕ್ಕ ಹುಣಸೆಮರದ ಆಚೆ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದರು. ನಮ್ಮವ್ವ ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು. ಮೊದಲ ದಿನ ನಾನು ಯಾವ ಓಣಿಯವನೆಂದು ಹೇಳಿಯೇ ಕೊಟ್ಟೆ. ಅವರು ನನ್ನನ್ನೊಮ್ಮೆ ನೋಡಿ, ರೊಟ್ಟಿ ಮುರಿದು ತಿಂದರು.

“ಇದನ್ನ ಕೊಲ್ತಾರೇನಪಾ?”

“ಗೊತ್ತಿಲ್ಲಮ್ಮಾ.”

“ಓದಿದಾವ ನೀನು. ನಿನಗ ಗೊತ್ತಿಲ್ಲಂದ್ರ?”

“ನಾನು ರಾತ್ರಿ ಶಾಲ್ಯಾಗ ಓದಿದಾವ.”

“ಹಂಗಾರ ಹಗಲಿಂದು ಗೊತ್ತಾಗಂಗಿಲ್ಲ ಬಿಡು” ಎಂದು ಅವರು ನಕ್ಕರು. ನಕ್ಕು ಮುಗಿದ ಮೇಲೆ, “ಇದು ಹೋದ್ರ ಮರಿಗಳನ್ನ ಸಂತಿಗೆ ಹೊಡಿಬೇಕಪಾ. ಹೊರಾವರು ಯಾರು?” ಎಂದರು.

ಔಷಧಿ ಶನಿವಾರ ಬೆಂಗಳೂರು ಬಸ್ಸಿನಲ್ಲಿ, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಬಂತು. ಡಾಕ್ಟರು ಹರಪನಹಳ್ಳಿಗೆ ಹೋಗಲಿಲ್ಲ. ಇಪ್ಪತ್ತು ಕುದುರೆಗಳ ಎಡಗಣ್ಣಿನ ಕೆಳರೆಪ್ಪೆಗೆ ಒಂದೊಂದಾಗಿ ಚುಚ್ಚಿದರು. ನಾನು ಲಗಾಮು ಹಿಡಿದೆ.

ಭಾನುವಾರ ಬೆಳಿಗ್ಗೆ ಹದಿನೆಂಟು ಕಣ್ಣು ಎಂದಿನಂತೆ ಇದ್ದವು. ಆ ತಟ್ಟುವಿನ ರೆಪ್ಪೆ ಸ್ವಲ್ಪ ಬಾತಿತ್ತು. ದಾದಾಪೀರನ ಚಾಂದನಿ ಎಂಬ ಹೆಣ್ಣು ಕುದುರೆಯ ರೆಪ್ಪೆ ಕಡಲೆಕಾಯಿಯಷ್ಟು ಬಾತಿತ್ತು.

ದಾದಾಪೀರ್ ಬಯಲಿನ ಅಂಚಿನಲ್ಲಿ ಕೂತು, ಕೈಯಲ್ಲಿದ್ದ ಬಾರುಕೋಲಿನಿಂದ ಮಣ್ಣು ಕೆದಕುತ್ತಿದ್ದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಮೊದಲ್ನೇ ದಿನ ಸೂಜಿಗೂ ಬಾತಿರ್ತೈತಿ. ನಾಳಿ ನೋಡೋಣು” ಎಂದರು ಡಾಕ್ಟರು. ಅವರ ದನಿಯಲ್ಲಿ ಎಷ್ಟು ಧೈರ್ಯ ಇತ್ತೆಂದು ನನಗೆ ಅಳೆಯಲಾಗಲಿಲ್ಲ. ಆ ದಿನ ಪೂರ್ತಿ ನಾನು ಎಷ್ಟು ಸಲ ಆ ಎರಡು ಕಣ್ಣು ನೋಡಲು ಹೋದೆನೆಂದರೆ, ಕೊನೆಗೆ ಜಂಬಕ್ಕ, “ನೀ ಹಿಂಗ ದಿಟ್ಟಿಸಿದ್ರ ದೃಷ್ಟಿ ಆಗಿ ಇನ್ನಷ್ಟು ಬಾತ್ಕೊಂತೈತಿ, ಹೋಗು” ಎಂದು ಅಟ್ಟಿದರು.

ಸೋಮವಾರ ಕೂಡ್ಲಿಗಿಯನ್ನೂ ಬಿಟ್ಟು ಡಾಕ್ಟರು ಕುದುರೆ ಕುದುರೆಯ ಮುಂದೆ ನಿಂತರು. ನಂಬರಿನ ಪ್ರಕಾರವೇ. ಒಂದು ನೋಡಿ, “ಸಾಫ್” ಎನ್ನುವರು, ನಾನು ಬರೆಯುವೆ. ನಾಲ್ಕನೇ ನಂಬರು ಚಾಂದನಿ. ಡಾಕ್ಟರು ಅದರ ಮುಖವನ್ನು ಬಿಸಿಲಿಗೆ ತಿರುಗಿಸಿ ರೆಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಾವು ಇಳಿದು ಹೋಗಿತ್ತು. “ಸಾಫ್.” ದಾದಾಪೀರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಸಾವ್ಕಾರರ ಕುದುರೆ, ಸಾಫ್. ದುರುಗಪ್ಪನದು, ಸಾಫ್.

ಹದಿನೇಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಟಾಂಗಾದವರೆಲ್ಲ ಹುಣಸೆಮರದಿಂದ ದೂರ ನಿಂತರು. ಜಂಬಕ್ಕ ತಲೆ ಮೇಲಿನ ಸೆರಗು ಬಿಗಿ ಹಿಡಿದಿದ್ದರು. ಡಾಕ್ಟರು ಬಹಳ ಹೊತ್ತು ನೋಡಿದರು. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು.

“ಸಾಫ್ ಐತಿ” ಎಂದರು.

ನಾನು ಅದನ್ನು ಕುದುರೆಯ ಬಣ್ಣ ಬರೆಯುವ ಕಾಲಂನಲ್ಲಿ ಬರೆದುಬಿಟ್ಟೆ. ಆ ರಿಜಿಸ್ಟರಿನಲ್ಲಿ ಅಂಥ ತಪ್ಪು ಅದೊಂದೇ.

ಮರುದಿನ ಅದರ ಗಡ್ಡೆ ತಾನೇ ಒಡೆದು ಒಂದು ಲೋಟದಷ್ಟು ಕೀವು ಬಂತು. ಗಂಟಲ ಗಡ್ಡೆಯೇ. ಡಾಕ್ಟರು ತೊಳೆಯುತ್ತಾ, “ಮತ್ತ ಮೂಗಿನೊಳಗಿನ ಹುಣ್ಣು ಎಲ್ಲಿಂದು?” ಎಂದು ತಮಗೇ ಹೇಳಿಕೊಂಡರು.

“ಅದಾ?” ಎಂದರು ಜಂಬಕ್ಕ. “ಜಾಲಿ ಕಂಟ್ಯಾಗ ಮೂತಿ ಹಾಕಿತ್ರಿ. ಮುಳ್ಳು ನಾನ ಕಿತ್ತೀನಿ.”

“ಮೊದಲ ಯಾಕ ಹೇಳಲಿಲ್ಲಮ್ಮಾ?”

“ಯಾರು ಕೇಳಿದ್ರಿ? ಈ ನಿಮ್ಮ ಹುಡುಗ ನನ್ನ ಹೆಸರು, ಊರು, ಇದರ ಬಣ್ಣ, ಹಲ್ಲು, ಎಲ್ಲಾ ಕೇಳಿ ಬರಕಂಡ. ಏನಾಗೈತಂತ ಕೇಳಲೇ ಇಲ್ಲ.”

ಡಾಕ್ಟರು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ನನಗೂ ನಗು ಬಂತು, ನಡುವೆ ಕಣ್ಣಲ್ಲಿ ನೀರೂ ಬಂತು, ಕೀವಿನ ಬಟ್ಟೆ ಎಸೆಯುವ ನೆಪ ಮಾಡಿ ಆಚೆ ಹೋದೆ. ಆ ಸಂಜೆಯೇ ರಿಜಿಸ್ಟರಿನಲ್ಲಿ ‘ಮಾಲೀಕರು ಹೇಳುವುದು’ ಎಂದು ಒಂದು ಕಾಲಂ ಹೆಚ್ಚಿಗೆ ಗೀಟು ಹಾಕಿದೆ.

ಅವತ್ತಿನ ಹೊಸಪೇಟೆ ರೈಲಿಗೆ ಟಾಂಗಾಗಳು ಮತ್ತೆ ಹೊರಟವು. ದಾದಾಪೀರ್ ಶೆಡ್ಡಿನ ಮುಂದೆ ನಿಲ್ಲಿಸಿ, “ಹತ್ರಿ ಮೇನೇಜರ್ರೇ. ಬಿಲ್ಲಿ ಇಲ್ಲದ ಹತ್ರಿ” ಎಂದ. ಸ್ಟೇಷನ್ ತನಕ ಹೋಗಿ ಬಂದೆ. ಎಂಟು ದಿನದಿಂದ ಸರಿಯಾಗಿ ಉಣ್ಣದವನಿಗೆ ದಾರಿಯಲ್ಲೇ ಹಸಿವು ಕಾಣಿಸಿತು.

ತೊಟ್ಟಿಯನ್ನು ಒಡೆಸುವುದೋ ಏನೋ ಎಂದು ಕೇಳಿದಾಗ ಡಾಕ್ಟರು, “ಒಡಿಬ್ಯಾಡ. ಮೂಗು ಸುರಿಯೋವು ಹುಣಸಿಗಿಡದ ಕೆಳಗ, ಅವಕ್ಕ ಬೇರೆ ಬಕೀಟು. ಯಾರವ ಆದ್ರೂ ಆಗಲಿ” ಎಂದರು. ಆ ಪ್ರಕಾರವೇ ನಡೆಯಿತು. ೧೯೮೬ರಲ್ಲಿ ಡಾಕ್ಟರು ಶೆಡ್ಡು ಮುಚ್ಚುವ ತನಕವೂ ತೊಟ್ಟಿ ಇತ್ತು.

ಒಂದನ್ನು ಬಿಟ್ಟು ಬರೆದರೆ ಸರಿಯಲ್ಲ. ಆಮೇಲಿನ ಮೂರು ವಾರದಲ್ಲಿ ಆ ಹತ್ತೊಂಬತ್ತರಲ್ಲಿ ಮೂರಕ್ಕೆ ಗಂಟಲ ಗಡ್ಡೆ ಆಯಿತು. ಒಂದು ದುರುಗಪ್ಪನದು. ಮೂರೂ ವಾಸಿಯಾದವು. ಅದು ತೊಟ್ಟಿಯ ನೀರಿನಿಂದ ಬಂತೋ, ಟಾಂಗಾ ಸ್ಟ್ಯಾಂಡಿನಲ್ಲಿ ಮೊದಲೇ ಇತ್ತೋ, ನಾನು ತಂದ ಡಬ್ಬಿಗಳಿಂದ ಬಂತೋ ಎಂದು ಡಾಕ್ಟರನ್ನು ಕೇಳಿದ್ದೆ. ಹೇಳಲು ಬರುವುದಿಲ್ಲ ಎಂದರು. ನನಗೂ ಗೊತ್ತಿಲ್ಲ.