ಬೆಟ್ಟಕ್ಕೆ ಬಿಸಿಲು, ಕಣಿವೆಗೆ ಚಳಿ

ತೂದಾಳ ಬೇಡಿಕೆ ದೊಡ್ಡದೇನಲ್ಲ. ಅಟ್ಲಾಸ್ ಬೆಟ್ಟದ ಮೇಲೆ ಬಿಸಿಲು ಕಾಯಬೇಕು, ಕೆಳಗೆ ದಾದೆಸ್ ಕಣಿವೆಯಲ್ಲಿ ಚಳಿ ಇರಬೇಕು, ಎರಡೂ ಒಂದೇ ವಾರ. ಅಷ್ಟು ಕೊಡಲು ದೇವರಿಗೇನು ಧಾಡಿಯೋ, ಮೂರು ವರ್ಷದಿಂದ ಕೊಟ್ಟಿರಲಿಲ್ಲ.

ಮೇಲೆ ಬಿಸಿಲು ಬಿದ್ದರೆ ಘಾಟಿಯ ಹಿಮ ಕರಗಿ ತವರಿನ ದಾರಿ ತೆರೆಯುತ್ತದೆ. ಕೆಳಗೆ ಚಳಿ ಇದ್ದರೆ ಗುಲಾಬಿ ಮೊಗ್ಗು ಬಿಗಿಯಾಗಿಯೇ ಇರುತ್ತದೆ. ಅದು ಒಮ್ಮೆ ಬಿರಿಯಲು ತೊಡಗಿತೋ, ಮುಗಿಯಿತು ಕಥೆ. ಇಪ್ಪತ್ತೈದು ದಿನ, ದಿನವೂ ಬಿಸಿಲೇರುವ ಮೊದಲೇ, ಹೊಲದ ಗುಲಾಬಿ ಬೇಲಿಯುದ್ದಕ್ಕೂ ಹೂ ಬಿಡಿಸಿ ಪನ್ನೀರು ಇಳಿಸುವವರಿಗೆ ಮುಟ್ಟಿಸಬೇಕು. ಆಗ ಸೊಸೆ ತವರು ಎಂದರೆ ಊರೇ ನಕ್ಕೀತು. ಹೂ ಮುಗಿದರೆ ಬಾರ್ಲಿ ಕೊಯ್ಲು. ಅದು ಮುಗಿಯುವಷ್ಟರಲ್ಲಿ ತವರಿನವರೇ ಕುರಿ ಹೊಡೆದುಕೊಂಡು ಇನ್ನೂ ಮೇಲಿನ ಹುಲ್ಲುಗಾವಲಿಗೆ ಹೋಗಿರುತ್ತಾರೆ. ಮೊದಲ ವರ್ಷ ಹಿಮ ಕರಗಲಿಲ್ಲ. ಎರಡನೆಯ ವರ್ಷ ತೂದಾ ಬಾಣಂತಿ. ಹೋದ ವರ್ಷ ಘಾಟಿ ತೆರೆದ ದಿನವೇ ಹಾಳು ಗುಲಾಬಿ ಬಿರಿಯಿತು.

ಈ ಸಲ ಘಾಟಿ ಬೇಗ ತೆರೆದಿತ್ತು. ದಾಟಿ ಬಂದ ಮೊದಲ ವ್ಯಾನಿನವನ ಬಾಯಲ್ಲಿ ಅವ್ವ ಹೇಳಿಕಳಿಸಿದ್ದಳು: "ಒಂದು ಕಣ್ಣು ಪೂರ್ತಿ ಹೋಯ್ತು. ಇನ್ನೊಂದಕ್ಕೂ ಪೊರೆ ಬಂದಿದೆ. ಬೆಳಕಿರೋವಾಗಲೇ ಮೊಮ್ಮಗಳ ಮುಖ ತೋರಿಸಿ ಹೋಗು." ಅಂದಿನಿಂದ ತೂದಾಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅವ್ವ ಬೇಕು, ಅಷ್ಟೇ. ಬೇರೆ ಏನೂ ಬೇಡ.

ಸೋಮವಾರ ಮಧ್ಯಾಹ್ನ ಅವಳು ರೇಡಿಯೋಗೆ ಕಿವಿ ಹಚ್ಚಿ ಕೂತಳು. ಗಂಡ ಅಗಾದಿರ್‌ನಲ್ಲಿ ಮೀನುದೋಣಿಯ ಕೆಲಸಕ್ಕೆ ಹೋಗಿದ್ದ. ಅತ್ತೆ ಯಾಮ್ನಾಳಿಗೆ ಮನೆಮಾತು ಅಮಾಜಿಗ್ ಬಿಟ್ಟು ಬೇರೆ ತಿಳಿಯದು; ರೇಡಿಯೋ ಮಾತಾಡುವುದು ಅರಬ್ಬಿ. ತೂದಾಳ ಅಪ್ಪನಾದರೋ ಘಾಟಿಯ ಗೇಟು ಕಾಯುತ್ತಿದ್ದವನು, ಹಿಮ ಬಿದ್ದಾಗ ದಾರಿಗೆ ಅಡ್ಡಗಂಬ ಇಳಿಸುವವನು. ಅಲ್ಲಿನ ರೇಡಿಯೋ ಕೇಳಿ ಕೇಳಿ ಅವಳಿಗೊಂದಿಷ್ಟು ಅರಬ್ಬಿ ಹತ್ತಿತ್ತು: ಹಿಮ, ಗಾಳಿ, ಕಾವು, ಎತ್ತರದ ಜಾಗ, ತಗ್ಗಿನ ಜಾಗ. ಆ ಅರಬ್ಬಿಯಲ್ಲಿ ಸಂತೆಯಲ್ಲಿ ಒಂದು ಸೂಜಿ ಕೊಳ್ಳಲೂ ಆಗದು. ಆದರೆ ಹವಾಮಾನದ ಮಟ್ಟಿಗೆ ಆ ಮನೆಯಲ್ಲಿ ಅವಳದೇ ಮಾತು.

ರೇಡಿಯೋದವನು ನಿಧಾನವಾಗಿ ಹೇಳಿದ. ಎತ್ತರದ ಘಾಟಿಗಳಲ್ಲಿ ಗುರುವಾರದವರೆಗೆ ಬಿಸಿಲು, ಶುಕ್ರವಾರದಿಂದ ಮತ್ತೆ ಹಿಮ. ಕಣಿವೆಗಳಿಗೆ ಇಂದು ಸಂಜೆಯಿಂದಲೇ ಮರಳುಗಾಡಿನ ಬಿಸಿಗಾಳಿ. ಎಂದರೆ ಬೆಳಗಾಗುವುದರೊಳಗೆ ಮೊಗ್ಗು ಬಿರಿಯುತ್ತದೆ.

"ಏನಂತಾನೆ ನಿನ್ನ ರೇಡಿಯೋ ಮಾವ?" ಬಾದಾಮಿ ಒಡೆಯುತ್ತಿದ್ದ ಯಾಮ್ನಾ ಕೇಳಿದಳು.

ತೂದಾ ರೇಡಿಯೋ ಆರಿಸಿದಳು. "ಬೆಟ್ಟದಲ್ಲಿ ಹತ್ತು ದಿನ ಬಿಸಿಲಂತೆ ಅತ್ತೆ."

"ಕಣಿವೇಲಿ?"

"ಚಳಿ. ಗಡಗಡ ನಡುಗೋ ಅಂಥ ಚಳಿಯಂತೆ."

"ಗಡಗಡ ಅಂತ ರೇಡಿಯೋದಲ್ಲೇ ಅಂದ್ನಾ?"

"ಅರಬ್ಬೀಲಿ ಅಂದ."

"ಹಂಗಾದ್ರೆ ಮೊಗ್ಗು ಬಿರಿಯಲ್ಲ ಅನ್ನು."

"ಇನ್ನೊಂದು ವಾರ ಬಿರಿಯಲ್ಲ ಅತ್ತೆ."

ಯಾಮ್ನಾ ತಲೆವಸ್ತ್ರದ ಅಂಚಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ನಾಳೆ ವ್ಯಾನಿಗೆ ಹೊರಡು. ಮಗೂಗೆ ಉಣ್ಣೆ ಅಂಗಿ ಮರೀಬೇಡ," ಎಂದು ಮತ್ತೆ ಬಾದಾಮಿಗೆ ಕಲ್ಲೆತ್ತಿದಳು.

ಸಂಜೆ ಬಿಸಿಗಾಳಿ ಎದ್ದೇಬಿಟ್ಟಿತು. ಹಿಟ್ಟು ನಾದುತ್ತಲೇ ತೂದಾ ಲೆಕ್ಕ ಹಾಕಿದಳು. ಸೊಸೆಯ ಕೈ ಇಲ್ಲದೆ ಅಷ್ಟುದ್ದದ ಬೇಲಿಯನ್ನು ಮುದುಕಿ ಒಬ್ಬಳೇ ಬಿಡಿಸುವುದು ಆಗದ ಮಾತು. ಅರ್ಧ ಹೂ ಗಿಡದಲ್ಲೇ ಬಾಡುತ್ತದೆ. ಇದೆಲ್ಲ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಅವಳು ಮಗುವಿನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ಬೆಳಿಗ್ಗೆ ಎದ್ದಾಗ ಅತ್ತೆ ಮನೆಯಲ್ಲಿರಲಿಲ್ಲ. ತೂದಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಬೇಲಿಯ ಕಡೆ ಕಣ್ಣೆತ್ತದೆ, ಸರಸರನೆ ರಸ್ತೆಗೆ ನಡೆದಳು. ಯಾಮ್ನಾ ಅಲ್ಲಿ ವ್ಯಾನಿನ ಪಕ್ಕದಲ್ಲೇ ನಿಂತಿದ್ದಳು. ಬಾದಾಮಿಯ ಗಂಟು ಕೈಗಿಟ್ಟು, "ಗುರುವಾರದ ವ್ಯಾನಿಗೇ ವಾಪಸ್ ಹತ್ತು. ಶುಕ್ರವಾರ ಮೇಲೆ ಹಿಮ ಬೀಳತ್ತೆ," ಎಂದಳು.

"ರೇಡಿಯೋದಲ್ಲಿ ಹಾಗೆ..."

"ರೇಡಿಯೋ ಕಟ್ಕೊಂಡು ನಂಗೇನೇ ಆಗಬೇಕು? ನಾನೂ ನಿಮ್ಮೂರಲ್ಲಿ ಹುಟ್ಟಿದೋಳು. ಆ ಬೆಟ್ಟದ ಮೋಡ ನಂಗೆ ಗೊತ್ತಿಲ್ವಾ?"

ಅತ್ತೆಯೂ ಆ ಊರಿನವಳೇ ಎಂಬುದು ತೂದಾಳಿಗೆ ಗೊತ್ತಿಲ್ಲದ್ದಲ್ಲ. ಯಾಕೋ ಇಷ್ಟು ದಿನ ಅದು ಅವಳ ನೆನಪಿಗೇ ಬಂದಿರಲಿಲ್ಲ. ಯಾಮ್ನಾ ಮಡಿಲಿನಿಂದ ಒಂದು ಒದ್ದೆ ಬಟ್ಟೆ ತೆಗೆದು ಬಿಚ್ಚಿದಳು. ಒಳಗೆ ಒಂದು ಬೊಗಸೆ ಗುಲಾಬಿ, ಪೂರ್ತಿ ಅರಳಿದ್ದು. ಅವಳ ಬೆರಳಿನ ತುಂಬ ಮುಳ್ಳು ಗೀರಿದ ಗಾಯ.

"ಅತ್ತೆ, ನಾನು ನಿನ್ನೆ..."

"ನೀನು ಜಾಣೆ ಬಿಡೆ. ಮೊದಲ ಮೊಗ್ಗು ಬಿರಿದಾಗೆಲ್ಲ ಓಡಿ ಹೋಗಿ ನಮ್ಮತ್ತೆಗೆ ಹೇಳ್ತಿದ್ದೋಳು ನಾನು. ಒಂದು ವರ್ಷಾನೂ ಸುಳ್ಳು ಹೇಳಲಿಲ್ಲ. ಬುದ್ಧಿ ಇರಲಿಲ್ಲ ನಂಗೆ." ಬಟ್ಟೆಯನ್ನು ಮತ್ತೆ ಸುತ್ತಿ ಅವಳು ಸೊಸೆಯ ಕೈಗಿಟ್ಟಳು. "ನಿಮ್ಮೂರ ಗೋರಿಗಳಲ್ಲಿ ಅಕ್ರೋಟ್ ಮರದ ಕೆಳಗಿನದು ನಮ್ಮವ್ವಂದು. ಇದನ್ನ ಅದರ ಮೇಲಿಡು. ಯಾಮ್ನಾ ಕಳಿಸಿದಾಳೆ ಅನ್ನು."

ಡ್ರೈವರು ಹಾರ್ನ್ ಹೊಡೆದ. ತೂದಾ ಕಣ್ಣೊರೆಸಿಕೊಂಡು ಹತ್ತಿ ಕೂತು ಕಿಟಕಿಯಿಂದ ಬಗ್ಗಿ ನೋಡಿದಳು. ಯಾಮ್ನಾ ಆಗಲೇ ಬೇಲಿಯತ್ತ ನಡೆದಿದ್ದಳು. ಬಿಸಿಲೇರುವ ಮೊದಲು ಆದಷ್ಟು ಹೂ ಬಿಡಿಸಬೇಕಿತ್ತು.